ಬುರ್ರಿಯ ಚೀಲಗಳನ್ನು ಹೊಲಿದವರು

1949ರಲ್ಲಿ ರೋಮ್‌ನಲ್ಲಿ ನೆಲೆಸಿದ್ದ ಅಲ್ಬೆರ್ಟೊ ಬುರ್ರಿ ಒಂದು ಖಾಲಿ ಸಕ್ಕರೆ ಚೀಲದ ತುಂಡುಗಳನ್ನು ತನ್ನ ಚಿತ್ರಕ್ಕೆ ಅಂಟಿಸಿದ. ಯುದ್ಧದಲ್ಲಿ ನುಗ್ಗಾಗಿ ಹಸಿದಿದ್ದ ಇಟಲಿಗೆ ಅಮೆರಿಕದಿಂದ ನೆರವಿನ ಸಾಮಾನು ಹೊತ್ತು ಬಂದ ಚೀಲ ಅದು. ಮೇಲೆ ಆ ದೇಶದ ಬಾವುಟದ ಪಟ್ಟೆಗಳೂ ನಕ್ಷತ್ರಗಳೂ ಅಚ್ಚಾಗಿದ್ದವು. ಬುರ್ರಿ ಅವನ್ನು ಬಣ್ಣ ಬಳಿದು ಮುಚ್ಚಲಿಲ್ಲ. ಚಿತ್ರಕ್ಕೆ ಇಟ್ಟ ಹೆಸರೂ ಅಂಗಡಿಯ ಲೆಕ್ಕದ ಪುಸ್ತಕದಿಂದ ಎತ್ತಿಕೊಂಡಂತಿದೆ: ‘ಎಸ್‌ಝಡ್ 1’, ಅಂದರೆ ಸಕ್ಕರೆ ಚೀಲ, ನಂಬರ್ ಒಂದು. ಮುಂದಿನ ಕೆಲವೇ ವರ್ಷಗಳಲ್ಲಿ ‘ಸಾಕ್ಕಿ’, ಅಂದರೆ ‘ಚೀಲಗಳು’ ಎಂಬ ಒಂದೇ ಹೆಸರಿನಡಿ ಆತ ಮಾಡಿದ ಚಿತ್ರಗಳು ಯುರೋಪಿನ ಅಮೂರ್ತ ಕಲೆಯ ದಿಕ್ಕನ್ನು ಬದಲಿಸಿದವು.

ಕಲೆಯ ಇತಿಹಾಸದ ಪುಸ್ತಕಗಳು ಈ ಕಥೆಯನ್ನು ಚಿತ್ರಕಾರರ ವಂಶಾವಳಿಯಾಗಿ ಹೇಳುತ್ತವೆ. 1912ರಲ್ಲಿ ಪಿಕಾಸೊ, ಆಮೇಲೆ ಜರ್ಮನಿಯ ಕುರ್ಟ್ ಶ್ವಿಟರ್ಸ್, ಆಮೇಲೆ ಬುರ್ರಿ, ಆತನ ಬೆನ್ನಿಗೆ ಅಮೆರಿಕದ ರಾಬರ್ಟ್ ರೌಶೆನ್‌ಬರ್ಗ್. ಈ ಸಾಲು ಸುಳ್ಳಲ್ಲ. ಆದರೆ ಇದರಲ್ಲಿ ಚೀಲದ ಮಾತೇ ಬರುವುದಿಲ್ಲ. ಚೀಲ ಎಲ್ಲಿ ಬೆಳೆಯಿತು, ಯಾರು ನೇಯ್ದರು, ಹರಿದಾಗ ಯಾರು ಹೊಲಿದರು ಎಂದು ಯಾರೂ ಕೇಳುವುದಿಲ್ಲ. ನನಗೆ ಕೇಳಬೇಕೆನಿಸುತ್ತದೆ. ಏಕೆಂದರೆ ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಬಾರದಾನ ವ್ಯಾಪಾರದ ಮನೆಯಲ್ಲಿ.

ಬಾರದಾನ ಎಂದರೆ ಖಾಲಿ ಚೀಲ. ಅಪ್ಪನ ಅಂಗಡಿ ಮಾರುಕಟ್ಟೆ ಯಾರ್ಡಿನ ಹತ್ತಿರವಿತ್ತು. ದಲಾಲಿ ಅಂಗಡಿಗಳಿಂದ, ಅಕ್ಕಿ ಗಿರಣಿಗಳಿಂದ, ಕಿರಾಣಿ ಅಂಗಡಿಗಳಿಂದ ಹಳೆ ಗೋಣಿಚೀಲಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಹಿಂದಿನ ಕೋಣೆಯಲ್ಲಿ ಹೆಂಗಸರು ಸಾಲಾಗಿ ಕೂತು ಅವನ್ನು ರಿಪೇರಿ ಮಾಡುತ್ತಿದ್ದರು. ಕೈಯಲ್ಲಿ ದಬ್ಬಣ, ಪಕ್ಕದಲ್ಲಿ ಸುತಳಿ ಉಂಡೆ, ತಲೆಯ ಮೇಲೆ ಸೆರಗು, ಮೂಗಿಗೊಂದು ಬಟ್ಟೆ. ಚೀಲವನ್ನು ಮೊದಲು ಒಳಮಗ್ಗುಲು ಹೊರಗೆ ಮಾಡಿ ಕೊಡವಬೇಕು. ಕಾಳಿನ ದೂಳು, ತೌಡು, ಒಣಮೆಣಸಿನಕಾಯಿ ಚೀಲವಾದರೆ ಘಾಟು. ಆಮೇಲೆ ಅದನ್ನು ಎತ್ತಿ ಬೆಳಕಿಗೆ ಹಿಡಿಯಬೇಕು. ಆಗ ತೂತುಗಳು ಕಾಣುತ್ತವೆ.

ತೂತು ನೋಡಿದರೆ ಚೀಲ ಏನೇನು ಕಂಡಿದೆ ಎಂದು ಹೇಳಬಹುದಿತ್ತು. ಹಮಾಲರ ಕೊಕ್ಕೆ ಬಿದ್ದ ಕಡೆ ಎಳೆಗಳು ಸರಿದು ಉದ್ದನೆಯ ಸಣ್ಣ ಕಂಡಿಯಾಗಿರುತ್ತದೆ. ಹೆಚ್ಚಿನ ಎಳೆಗಳು ತುಂಡಾಗಿರುವುದಿಲ್ಲ. ಇಲಿ ಕಡಿದದ್ದು ಮೂಲೆಯಲ್ಲಿ, ದುಂಡಗೆ. ಹಸಿ ನೆಲದ ಮೇಲೆ ಬಿದ್ದು ಲಡ್ಡಾದ ಚೀಲದಲ್ಲಿ ತೂತೇ ಇರುವುದಿಲ್ಲ, ಬೆರಳಿಟ್ಟು ಒತ್ತಿದರೆ ಆಗುತ್ತದೆ. ಕೊಕ್ಕೆಯ ಕಂಡಿಗೆ ತೇಪೆ ಬೇಡ. ಸುತ್ತಲಿನ ಬಟ್ಟೆಯನ್ನು ಒಟ್ಟು ಹಿಡಿದು ಸುತಳಿಯಿಂದ ಬಿಗಿದರೆ ಸಾಕು, ಅಲ್ಲೊಂದು ಗಂಟು ಎದ್ದು ನಿಲ್ಲುತ್ತದೆ. ಇಲಿ ತೂತಿಗೆ ತೇಪೆಯೇ ಬೇಕು. ಇನ್ನು ಯಾವ ರಿಪೇರಿಗೂ ಬಾರದ ಚೀಲವನ್ನು ಕತ್ತರಿಸಿ ತೇಪೆಗೆಂದು ಇಟ್ಟಿರುತ್ತಿದ್ದರು. ತೇಪೆಯ ಎಳೆ ಚೀಲದ ಎಳೆಯ ದಿಕ್ಕಿಗೇ ಕೂರಬೇಕು. ಓರೆಯಾಗಿ ಕೂತರೆ ಭಾರ ಬಿದ್ದಾಗ ಒಂದು ಕಡೆ ಜಗ್ಗಿ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನಾವೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕೈಗೆ ದಬ್ಬಣ ಕೊಟ್ಟು ಹೇಳಿದ್ದರು: “ಈಗ ಎಲ್ಲಾರ ಹೊಲಿಗೀನೂ ಚೆಂದ ಕಾಣ್ತೈತಿ. ಚೀಲ ತುಂಬಿದ ಮ್ಯಾಲೆ ಗೊತ್ತಾಗ್ತೈತಿ ನೋಡವ್ವಾ, ಯಾರದು ಹೆಂಗೈತಿ ಅಂತ.”

ಆ ಹೆಂಗಸರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಮನೆಯಲ್ಲಿ ಅವರೇ ಹೊಲಿಯುತ್ತಿದ್ದ ಕೌದಿಗೆ ಊರಲ್ಲಿ ಹೊಗಳಿಕೆ ಇತ್ತು, ಮದುವೆ ಬಾಣಂತನಗಳಲ್ಲಿ ಅದಕ್ಕೊಂದು ಜಾಗವಿತ್ತು. ಚೀಲದ ಹೊಲಿಗೆಯನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಗೋಣಿಚೀಲ ನೇಯುವ ಸೆಣಬು ಬಂಗಾಳದ ಬೆಳೆ. ಬುರ್ರಿಯ ಕಾಲದವರೆಗೂ ಜಗತ್ತಿನ ಸೆಣಬು ಹೆಚ್ಚುಕಡಿಮೆ ಎಲ್ಲವೂ ಗಂಗಾ-ಬ್ರಹ್ಮಪುತ್ರಗಳ ಮುಖಜ ಭೂಮಿಯಲ್ಲೇ ಬೆಳೆಯುತ್ತಿತ್ತು. ನಮ್ಮ ಕಡೆ ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದರೂ ಚೀಲ ಮಾತ್ರ ಅಲ್ಲಿಂದಲೇ ಬರಬೇಕು. ಆಳೆತ್ತರ ಮೀರಿ ಬೆಳೆದ ಗಿಡವನ್ನು ಕೊಯ್ದು, ಕಟ್ಟು ಕಟ್ಟಿ, ನಿಂತ ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕಿ, ಸೊಂಟದ ಮಟ್ಟದ ನೀರಿನಲ್ಲಿ ನಿಂತು ಸಿಪ್ಪೆಯಿಂದ ನಾರು ಬಿಡಿಸುತ್ತಾರೆ. ನಾರು ಒರಟು. ಮಗ್ಗಕ್ಕೆ ಬಗ್ಗಬೇಕಾದರೆ ಎಣ್ಣೆ ಬೇಕು. 1830ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು ತಿಮಿಂಗಿಲದ ಎಣ್ಣೆ ಹಾಕಿ ಅದನ್ನು ಮೆದುಮಾಡಿ ಯಂತ್ರದಲ್ಲಿ ನೂಲುವುದನ್ನು ಕಲಿತರು. ತಿಮಿಂಗಿಲ ಬೇಟೆಯ ಬಂದರೂ ಅದೇ ಆಗಿದ್ದರಿಂದ ಎಣ್ಣೆಗೆ ಬರವಿರಲಿಲ್ಲ. 1855ರಲ್ಲಿ ಕಲ್ಕತ್ತೆಯ ಬಳಿ ಹೂಗ್ಲಿ ದಂಡೆಯ ರಿಶ್ರಾದಲ್ಲಿ ಜಾರ್ಜ್ ಆಕ್ಲೆಂಡ್ ಎಂಬಾತ ನಮ್ಮಲ್ಲಿನ ಮೊದಲ ಸೆಣಬಿನ ಗಿರಣಿ ಹಾಕಿದ. ಶತಮಾನ ಮುಗಿಯುವ ಹೊತ್ತಿಗೆ ಹೂಗ್ಲಿ ಡಂಡೀಯನ್ನು ಹಿಂದೆ ಹಾಕಿತ್ತು. ಮೊದಲ ಮಹಾಯುದ್ಧದ ಕಂದಕಗಳಿಗೆ ಮರಳು ತುಂಬುವ ಚೀಲಗಳು ಕೋಟಿಗಟ್ಟಲೆ ಬೇಕಾದವು. ಅವೂ ಇಲ್ಲಿಂದಲೇ ಹೋದವು.

1947ರ ವಿಭಜನೆ ಈ ದಂಧೆಯನ್ನು ನಡುವೆ ಸೀಳಿತು. ಗಿರಣಿಗಳೆಲ್ಲ ಭಾರತದಲ್ಲಿ ಉಳಿದವು, ಒಳ್ಳೆಯ ಸೆಣಬಿನ ಹೊಲಗಳು ಪೂರ್ವ ಪಾಕಿಸ್ತಾನಕ್ಕೆ ಹೋದವು. 1949ರ ಸೆಪ್ಟೆಂಬರಿನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಸೆಣಬಿನ ವ್ಯಾಪಾರ ನಿಂತೇಹೋಯಿತು. ಬುರ್ರಿ ತನ್ನ ಮೊದಲ ಚೀಲದ ಚಿತ್ರ ಮಾಡಿದ್ದೂ ಅದೇ ವರ್ಷ. ಎರಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ರೋಮ್‌ನ ಒಂದು ಕೋಣೆಯಲ್ಲಿ ಕಲೆಯ ಇತಿಹಾಸ ಸೇರಿದ ಆ ಒರಟು ಬಟ್ಟೆಯ ಹಿಂದೆ ಇಂಥ ಹೊಲ, ಇಂಥ ಗಿರಣಿ, ಇಂಥ ಗಡಿಗಳಿದ್ದವು ಎಂಬುದನ್ನು ಮರೆಯಬಾರದು.

ಚಿತ್ರಕಾರರ ಕಡೆಯ ಕಥೆಗೆ ಬರುತ್ತೇನೆ. 1912ರ ಮೇ ತಿಂಗಳಲ್ಲಿ ಪಿಕಾಸೊ ಬೆತ್ತದ ಹೆಣಿಗೆಯ ಚಿತ್ರ ಅಚ್ಚಾಗಿದ್ದ ಮೇಣಗಪ್ಪಡವನ್ನು ಒಂದು ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗದ ಕಟ್ಟು ಹಾಕಿದ. ಆದರೂ ಅದು ಮೇಜು, ಗ್ಲಾಸು, ಪತ್ರಿಕೆಗಳ ಚಿತ್ರವೇ. ಸಿಕ್ಕ ವಸ್ತುವನ್ನೇ ಅಮೂರ್ತ ಚಿತ್ರದ ಬಣ್ಣವನ್ನಾಗಿ ಬಳಸಿದವನು ಹ್ಯಾನೋವರ್‌ನ ಶ್ವಿಟರ್ಸ್. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಸೋತು ಬಿದ್ದಿದ್ದಾಗ ಟ್ರಾಮ್ ಟಿಕೆಟು, ಮುರಿದ ಚಕ್ರ, ತಂತಿ, ಬಟ್ಟೆಯ ಚಿಂದಿ, ಹರಿದ ಜಾಹೀರಾತು, ಏನು ಸಿಕ್ಕಿದರೂ ಹೆಕ್ಕಿ ತಂದು ಅಂಟಿಸಿ, ಮೊಳೆ ಹೊಡೆದು ಚಿತ್ರ ಕಟ್ಟಿದ. ಒಂದು ಬ್ಯಾಂಕಿನ ಜಾಹೀರಾತಿನಿಂದ ಕತ್ತರಿಸಿದ ತುಂಡಿನಲ್ಲಿ ಉಳಿದಿದ್ದ ‘ಮೆರ್ಝ್’ ಎಂಬ ಅಕ್ಷರಗಳನ್ನೇ 1919ರಲ್ಲಿ ತನ್ನ ಇಡೀ ಕಲೆಗೆ ಹೆಸರಾಗಿಟ್ಟುಕೊಂಡ. ನಾಜಿಗಳು 1937ರಲ್ಲಿ ‘ಅವನತಿಗೊಂಡ ಕಲೆ’ ಎಂದು ಮಾಡಿದ ಪ್ರದರ್ಶನದಲ್ಲಿ ಅವನ ಚಿತ್ರಗಳನ್ನೂ ತೂಗುಹಾಕಿ ಅಣಕಿಸಿದರು. ಆತ ಅಷ್ಟರಲ್ಲಾಗಲೇ ನಾರ್ವೆಗೆ ಓಡಿದ್ದ, ಅಲ್ಲಿಂದ 1940ರಲ್ಲಿ ಬ್ರಿಟನ್ನಿಗೆ. ಅಲ್ಲಿ ಶತ್ರುದೇಶದವನೆಂದು ಐಲ್ ಆಫ್ ಮ್ಯಾನ್‌ನ ಶಿಬಿರದಲ್ಲಿ ಕೂಡಿಹಾಕಿದಾಗ ತಿನ್ನಲು ಕೊಟ್ಟ ಗಂಜಿಯಿಂದಲೂ ಶಿಲ್ಪ ಮಾಡಿದ. ಹ್ಯಾನೋವರ್‌ನಲ್ಲಿ ವರ್ಷಾನುಗಟ್ಟಲೆ ಮನೆಯೊಳಗೇ ಕಟ್ಟಿ ಬೆಳೆಸಿದ್ದ ಅವನ ದೊಡ್ಡ ಕೃತಿ 1943ರ ಬಾಂಬು ದಾಳಿಯಲ್ಲಿ ನಾಶವಾಯಿತು. 1948ರ ಜನವರಿಯಲ್ಲಿ ಇಂಗ್ಲೆಂಡಿನಲ್ಲೇ ತೀರಿಕೊಂಡ. ಈ ಮನುಷ್ಯನ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೆ ಅವನ ಸಾಮಗ್ರಿ ಹೆಚ್ಚಾಗಿ ಕಾಗದ, ಪೇಟೆಯ ಕಸ. ದುಡಿಮೆಯ ಬಟ್ಟೆಯನ್ನು ಇಡಿಯಾಗಿ ಚಿತ್ರವಾಗಿಸಿದವನು ಬುರ್ರಿ.

ಬುರ್ರಿ ಓದಿದ್ದು ವೈದ್ಯಕೀಯ. ಮಧ್ಯ ಇಟಲಿಯ ಉಂಬ್ರಿಯಾ ಪ್ರಾಂತ್ಯದ ಚಿತ್ತಾ ದಿ ಕಾಸ್ತೆಲ್ಲೊ ಎಂಬ ಸಣ್ಣ ಊರಿನವನು, ಹುಟ್ಟಿದ್ದು 1915ರಲ್ಲಿ. 1940ರಲ್ಲಿ ಪೆರುಜಾ ವಿಶ್ವವಿದ್ಯಾಲಯದಿಂದ ಡಾಕ್ಟರಾಗಿ ಹೊರಬಿದ್ದ. ಸೈನ್ಯದ ವೈದ್ಯನಾಗಿ ಉತ್ತರ ಆಫ್ರಿಕಕ್ಕೆ ಹೋದವನು 1943ರಲ್ಲಿ ಟ್ಯುನೀಷಿಯದಲ್ಲಿ ಸೆರೆಸಿಕ್ಕ. ಟೆಕ್ಸಾಸ್‌ನ ಹೆರಿಫೋರ್ಡ್ ಶಿಬಿರ ಅವನ ಜೈಲಾಯಿತು. ಮೈತ್ರಿಕೂಟಕ್ಕೆ ಸಹಕರಿಸುತ್ತೇವೆಂದು ಸಹಿ ಹಾಕಲು ಒಪ್ಪದ ಇಟಾಲಿಯನ್ ಸೈನಿಕರನ್ನು ಇಟ್ಟಿದ್ದ ಜಾಗ ಅದು. ಸುತ್ತ ಕಣ್ಣು ಹಾಯುವಷ್ಟು ಬಯಲು. ಅಲ್ಲಿ ಆತ ಡಾಕ್ಟರಿಕೆ ಬಿಟ್ಟು ಕುಂಚ ಹಿಡಿದ. ಕ್ಯಾನ್ವಾಸು ಸಾಲದಾದಾಗ ಶಿಬಿರದಲ್ಲಿ ಸಿಕ್ಕ ಗೋಣಿಯ ಮೇಲೂ ಬಿಡಿಸಿದ. 1946ರಲ್ಲಿ ಊರಿಗೆ ಮರಳಿದ ಮೇಲೆ ಮತ್ತೆ ವೈದ್ಯವೃತ್ತಿಗೆ ಹೋಗಲಿಲ್ಲ. ಮರುವರ್ಷ ರೋಮ್‌ನಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ. ಟಾರು, ಬೂಷ್ಟು ಹಿಡಿದಂಥ ಮೇಲ್ಮೈ, ಹಿಂದಿನಿಂದ ಕೋಲು ಕೊಟ್ಟು ಉಬ್ಬಿಸಿದ ಕ್ಯಾನ್ವಾಸು ಹೀಗೆ ಒಂದೊಂದನ್ನೇ ದುಡಿಸಿಕೊಳ್ಳುತ್ತ ಚೀಲಕ್ಕೆ ಬಂದ.

ಗೋಣಿಯ ಮೇಲೆ ಚಿತ್ರ ಬಿಡಿಸಿದವರು ಅವನಿಗಿಂತ ಮೊದಲೂ ಇದ್ದರು, ಪೌಲ್ ಕ್ಲೇ ಬಿಡಿಸಿದ್ದ. ಅಲ್ಲಿ ಗೋಣಿ ಅಡಿಪಾಯ, ಬಣ್ಣ ಅದರ ಮೇಲೆ. ಬುರ್ರಿಯಲ್ಲಿ ಗೋಣಿಯೇ ಬಣ್ಣ. ಅದರ ಕಂದು, ಅದರ ಕಲೆ, ಅದರ ಅಂಚು, ಅಚ್ಚಿನ ಅಕ್ಷರ ಎಲ್ಲವೂ ಹಾಗೇ. ತೂತಿನ ಹಿಂದೆ ಕೆಂಪೋ ಕಪ್ಪೋ ಬಂಗಾರದ ರೇಕೋ ಇಣುಕುತ್ತದೆ, ಅಷ್ಟೆ. ಅಂಟಿಸಲು ವಿನಾವಿಲ್ ಎಂಬ ಬಿಳಿ ಗೋಂದು, ಇಟಲಿಯ ಬಡಗಿಗಳ ಗೋಂದು ಅದು.

ಈ ಚಿತ್ರಗಳನ್ನು ನೋಡಿದ ವಿಮರ್ಶಕರಿಗೆ ತಟ್ಟನೆ ಹೊಳೆದದ್ದು ಗಾಯ. ಡಾಕ್ಟರು, ಯುದ್ಧ, ತೂತು, ಹೊಲಿಗೆ, ಒಳಗೆ ಕೆಂಪು: ಲೆಕ್ಕ ಸರಿಹೋಯಿತು. ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯದ ಮುಖ್ಯಸ್ಥ ಜೇಮ್ಸ್ ಜಾನ್ಸನ್ ಸ್ವೀನಿ 1953ರಲ್ಲಿ ಬುರ್ರಿಯನ್ನು ಅಮೆರಿಕಕ್ಕೆ ಪರಿಚಯಿಸಿ, 1955ರಲ್ಲಿ ಅವನ ಮೇಲೊಂದು ಪುಸ್ತಕ ಬರೆದಾಗ ಹಿಡಿದದ್ದು ಇದೇ ದಾರಿ. 2015ರಲ್ಲಿ ಅದೇ ಸಂಗ್ರಹಾಲಯ ಬುರ್ರಿಯ ಶತಮಾನೋತ್ಸವಕ್ಕೆ ಏರ್ಪಡಿಸಿದ ದೊಡ್ಡ ಪ್ರದರ್ಶನದ ಹೆಸರಲ್ಲೂ ಆಘಾತದ ಮಾತೇ ಇತ್ತು. ಬುರ್ರಿ ಬದುಕಿಡೀ ಈ ವಿವರಣೆಗೆ ಒಗ್ಗಲಿಲ್ಲ. ತನ್ನ ಚಿತ್ರಗಳ ಬಗ್ಗೆ ಮಾತೇ ಆಡದವನು. ಆಡಿದಾಗಲೂ ರೂಪ, ಜಾಗ, ಸಮತೋಲ ಇಷ್ಟನ್ನೇ ಹೇಳಿದವನು.

ನಾನು ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 1954ರ ‘ಗೋಣಿ ಮತ್ತು ಕೆಂಪು’ ನೋಡಿದಾಗ ನನ್ನ ಕಣ್ಣು ಹೋದದ್ದು ಹೊಲಿಗೆಗೆ. ಚಿತ್ರ ದೊಡ್ಡದೇನಲ್ಲ, ಅಗಲ ಒಂದು ಮೀಟರಿನಷ್ಟು. ಕೆಂಪಿನ ಮೇಲೆ ಕಂದು ಗೋಣಿಯ ತುಂಡುಗಳು ಕೂತಿವೆ. ಅಮೂರ್ತ ಚಿತ್ರ ನೋಡುವಾಗ ಎರಡು ಹೆಜ್ಜೆ ಹಿಂದೆ ನಿಲ್ಲಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ನಾನು ಕಾವಲುಗಾರ ಬಿಟ್ಟಷ್ಟು ಹತ್ತಿರ ಹೋಗಿ ನಿಂತೆ. ಬುರ್ರಿಯ ಚೀಲಗಳಲ್ಲಿ ಎರಡು ಬಗೆಯ ಹೊಲಿಗೆ ಇರುತ್ತದೆ. ಆತ ತಾನೇ ಹೊಲಿದದ್ದೂ ಇದೆ, ಚೀಲ ಅವನ ಕೈಗೆ ಬರುವ ಮೊದಲೇ ಯಾರೋ ಹೊಲಿದದ್ದೂ ಇದೆ. ಆತ ಎರಡನ್ನೂ ಇಟ್ಟುಕೊಂಡ. ಭಾರ ಹೊರಬೇಕಾದ ಹೊಲಿಗೆ ಬೇರೆ: ದಬ್ಬಣ ಹೊಕ್ಕ ಜಾಗಗಳ ನಡುವೆ ಸಮ ಅಂತರ, ತುದಿಯಲ್ಲಿ ಎರಡು ಮೂರು ಸಲ ಹಿಂದೆ ತಿರುಗಿಸಿ ಬಿಗಿದಿರುತ್ತಾರೆ, ತೇಪೆಯ ಎಳೆ ಚೀಲದ ಎಳೆಯ ದಿಕ್ಕಿಗಿರುತ್ತದೆ. ಕಣ್ಣಿಗೆಂದು ಹಾಕಿದ ಹೊಲಿಗೆ ಗೆರೆಯ ಹಾಗೆ ಓಡುತ್ತದೆ, ಬೇಕಾದಲ್ಲಿ ನಿಲ್ಲುತ್ತದೆ, ಬಟ್ಟೆಯನ್ನು ಜಗ್ಗಿಸಿ ಸುಕ್ಕು ಎಬ್ಬಿಸುತ್ತದೆ. ಅದಕ್ಕೆ ಹೊರಬೇಕಾದ ಕಾಳಿಲ್ಲ. ಇವೆರಡೂ ಒಂದೇ ಚೌಕಟ್ಟಿನಲ್ಲಿ ಪಕ್ಕಪಕ್ಕ ಕೂತಿರುವುದೇ ಬುರ್ರಿಯ ಚೀಲಗಳ ದೊಡ್ಡ ಗುಣ ಎಂದು ನನ್ನ ನಂಬಿಕೆ.

ಅದನ್ನು ಗಾಯ ಎನ್ನಲು ನನಗೆ ಮನಸ್ಸಾಗದು. ಗಾಯ ಎಂದರೆ ಆ ಹೊಲಿಗೆ ನೋವಿನ ಸಂಕೇತವಾಗಿಬಿಡುತ್ತದೆ, ಹೊಲಿದವರು ಮಾಯವಾಗುತ್ತಾರೆ. ಯಾರೋ ಒಬ್ಬರು, ಯಾವುದೋ ಗೋದಾಮಿನಲ್ಲೋ ಗಿರಣಿಯಲ್ಲೋ, ಈ ಚೀಲ ಇನ್ನೊಂದು ಸುಗ್ಗಿಗೆ ಬರಲಿ ಎಂದು ತೂತು ಮುಚ್ಚಿದರು. ಅದು ದುಡಿಮೆ. ಬುರ್ರಿ ಅದನ್ನು ಕತ್ತರಿಸಿ ಎಸೆಯದೆ ಉಳಿಸಿಕೊಂಡ. ಅವನ ಊರಿನ ಸುತ್ತಲೂ ಬೇಸಾಯದ ಬದುಕೇ ಇತ್ತು. ತೇಪೆ ಹಾಕಿದ ಚೀಲ ಅಲ್ಲಿಯವರಿಗೂ ದಿನನಿತ್ಯದ್ದು.

ಆದರೆ ಇಟಲಿಯ ದೊಡ್ಡವರಿಗೆ ಅದು ಅವಮಾನದಂತೆ ಕಂಡಿತು. 1952ರ ‘ದೊಡ್ಡ ಚೀಲ’, ಒಂದೂವರೆ ಮೀಟರ್ ಎತ್ತರ ಎರಡೂವರೆ ಮೀಟರ್ ಅಗಲದ ಚಿತ್ರ, ರೋಮ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ತೂಗಿದಾಗ ಗದ್ದಲವೆದ್ದಿತು. 1959ರಲ್ಲಿ ಕಮ್ಯುನಿಸ್ಟ್ ಸೆನೆಟರ್ ಉಂಬೆರ್ಟೊ ತೆರ್ರಾಚೀನಿ, ಈ ಹಳೆಯ ಕೊಳಕು ಚೀಲದ ಬಟ್ಟೆಗೆ ಸರ್ಕಾರ ಎಷ್ಟು ಹಣ ಕೊಟ್ಟಿದೆ ಎಂದು ಸಂಸತ್ತಿನಲ್ಲೇ ಪ್ರಶ್ನೆ ಎತ್ತಿದರು. ಕಾರ್ಮಿಕರ ಪಕ್ಷದ ಹಿರಿಯರೊಬ್ಬರಿಗೆ ಆ ಬಟ್ಟೆಯಲ್ಲಿ ಕಾರ್ಮಿಕರ ಕೈ ಕಾಣಲಿಲ್ಲವಲ್ಲ ಎಂಬ ಸಂಕಟ ನನ್ನದು.

ಕಂಡವರು ಚಿತ್ರಕಾರರು. 1953ರ ಮೊದಲ ತಿಂಗಳುಗಳಲ್ಲಿ ರೋಮ್‌ನಲ್ಲಿದ್ದ ತರುಣ ರೌಶೆನ್‌ಬರ್ಗ್ ಬುರ್ರಿಯ ಕೋಣೆಗೆ ಹೋಗಿ ನೋಡಿಬಂದ. ಅಮೆರಿಕಕ್ಕೆ ಮರಳಿದ ಮೇಲೆ ಅವನು ಹಾಸಿಗೆ, ಟೈರು, ಹರಿದ ಬಟ್ಟೆ ಎಲ್ಲವನ್ನೂ ಚಿತ್ರಕ್ಕೆ ತಂದ. 1975ರಲ್ಲಿ ಅದೇ ರೌಶೆನ್‌ಬರ್ಗ್ ಅಹಮದಾಬಾದಿಗೆ ಬಂದು ಗಾಂಧಿ ಆಶ್ರಮದ ಕಾಗದ ತಯಾರಕರ ಜೊತೆ ಕೂತು ಚಿಂದಿಯ ತಿರುಳು, ಮಣ್ಣು, ಬಿದಿರಿನಲ್ಲಿ ಕೃತಿ ಮಾಡಿದ್ದೂ ಇದೆ. ನಮ್ಮಲ್ಲೂ ಜೆರಾಮ್ ಪಟೇಲ್ 1960ರ ದಶಕದಲ್ಲಿ ಬ್ಲೋಟಾರ್ಚಿನಿಂದ ಪ್ಲೈವುಡ್ ಸುಟ್ಟು ಅಮೂರ್ತ ಚಿತ್ರಗಳನ್ನು ಮಾಡಿದರು.

ಬುರ್ರಿ ಚೀಲದಲ್ಲೇ ನಿಲ್ಲಲಿಲ್ಲ. ಬೆಂಕಿ, ಮರದ ಹಲಗೆ, ಕಬ್ಬಿಣದ ತಗಡು, ಸುಟ್ಟ ಪ್ಲಾಸ್ಟಿಕ್ಕು, ಬಿರಿದ ಕೆಸರಿನಂಥ ಮೇಲ್ಮೈ. 1968ರ ಭೂಕಂಪದಲ್ಲಿ ನೆಲಸಮವಾದ ಸಿಸಿಲಿಯ ಜಿಬೆಲ್ಲೀನಾ ಊರಿನ ಅವಶೇಷವನ್ನೇ ಒಟ್ಟಿ, ಮೇಲೆ ಬಿಳಿ ಕಾಂಕ್ರೀಟ್ ಹೊದಿಸಿ, ಹಳೆಯ ಬೀದಿಗಳ ಜಾಡನ್ನು ಬಿರುಕುಗಳಾಗಿ ಉಳಿಸಿದ ಕೃತಿ 1984ರಲ್ಲಿ ಶುರುವಾಗಿ, ಆತ ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ 2015ರಲ್ಲಿ ಮುಗಿಯಿತು. ಚಿತ್ತಾ ದಿ ಕಾಸ್ತೆಲ್ಲೊದಲ್ಲಿ ಅವನ ದೊಡ್ಡ ಕೃತಿಗಳಿರುವ ಕಟ್ಟಡಗಳು ಮೊದಲು ತಂಬಾಕು ಒಣಗಿಸುವ ಶೆಡ್ಡುಗಳಾಗಿದ್ದವು. 1966ರಲ್ಲಿ ಫ್ಲಾರೆನ್ಸಿಗೆ ನೆರೆ ಬಂದು ಗ್ರಂಥಾಲಯಗಳು ಮುಳುಗಿದಾಗ ನೆನೆದ ಪುಸ್ತಕಗಳನ್ನು ತಂದು ಒಣಗಿಸಿದ್ದು ಇದೇ ಶೆಡ್ಡುಗಳಲ್ಲಿ. ಇಂಥ ಕಟ್ಟಡವನ್ನು ತನ್ನ ಚಿತ್ರಗಳಿಗೆ ಆರಿಸಿಕೊಂಡದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಚೀಲದ ಚಿತ್ರಗಳಿಗೆ ಈಗ ವಯಸ್ಸಾಗುತ್ತಿದೆ. ಸೆಣಬಿನಲ್ಲಿ ಮರದಲ್ಲಿರುವ ಲಿಗ್ನಿನ್ ಇದೆ. ಬೆಳಕು ಬಿದ್ದಷ್ಟೂ ಹಳದಿ ತಿರುಗಿ, ಕಂದಾಗಿ, ಎಳೆ ಪೆಡಸಾಗಿ ಮುರಿಯುತ್ತದೆ. ಲಡ್ಡಾದ ಚೀಲ ಏನೆಂದು ಗೊತ್ತಿದ್ದವರಿಗೆ ಇದು ಹೊಸದಲ್ಲ. ಸಂಗ್ರಹಾಲಯದಲ್ಲಿ ಇಲ್ಲದ್ದು ವಾಸನೆ. ಗೋಣಿಚೀಲದ ಗುರುತೇ ಅದರ ವಾಸನೆ, ಗಿರಣಿಯಲ್ಲಿ ನಾರಿಗೆ ಹಾಕುವ ಖನಿಜ ತೈಲದ್ದು. ಕಾಫಿ, ಕೋಕೋಗಳಿಗೆ ಆ ವಾಸನೆ ಹತ್ತಬಾರದೆಂದು ತೌಡಿನೆಣ್ಣೆ ಹಾಕಿ ಮಾಡುವ ಬೇರೆ ಚೀಲಗಳಿವೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಹಡಗು ಹತ್ತುವುದು ಸೆಣಬಿನ ಚೀಲಗಳಲ್ಲೇ, ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿಯೇ. ಇತ್ತ ನಮ್ಮ ಮಂಡಿಗಳಲ್ಲಿ ಪ್ಲಾಸ್ಟಿಕ್ ನೇಯ್ಗೆಯ ಚೀಲ ತುಂಬಿಕೊಂಡಿತು. 1987ರಲ್ಲಿ ಧಾನ್ಯ, ಸಕ್ಕರೆಗಳಿಗೆ ಸೆಣಬಿನ ಚೀಲವನ್ನೇ ಬಳಸಬೇಕೆಂದು ಕಾನೂನು ಬಂದರೂ ಕಿರಾಣಿ ಪೇಟೆಯಲ್ಲಿ ಅದು ನಿಲ್ಲಲಿಲ್ಲ. ಪ್ಲಾಸ್ಟಿಕ್ ಚೀಲ ಹರಿದರೆ ಎಳೆ ಬಿಚ್ಚುತ್ತಲೇ ಹೋಗುತ್ತದೆ, ತೇಪೆ ನಿಲ್ಲದು. ಅಪ್ಪನ ಹಿಂದಿನ ಕೋಣೆ ಖಾಲಿಯಾದದ್ದು ಹಾಗೆ.

ಘಾನಾ ದೇಶದ ಇಬ್ರಾಹಿಂ ಮಹಾಮ ಈ ಕಥೆಯನ್ನು ನನಗೆ ಬೇಕಾದ ಕಡೆಗೆ ತಿರುಗಿಸಿದ ಕಲಾವಿದ. ಹುಟ್ಟಿದ್ದು 1987ರಲ್ಲಿ. ಏಷ್ಯಾದಲ್ಲಿ ನೇಯ್ದು, ಕೋಕೋ ತುಂಬಲು ಘಾನಾಕ್ಕೆ ಬಂದು, ಆಮೇಲೆ ಅಕ್ಕಿ, ಜೋಳ, ಕೊನೆಗೆ ಇದ್ದಿಲು ಹೊತ್ತ ಸೆಣಬಿನ ಚೀಲಗಳನ್ನು ಆತ ವ್ಯಾಪಾರಿಗಳಿಗೆ ಹೊಸ ಚೀಲ ಕೊಟ್ಟು ಬದಲಿಗೆ ಪಡೆಯುತ್ತಾನೆ. ಅವನ್ನೆಲ್ಲ ಹತ್ತಾರು ಜನ ಕೂತು ಒಂದಕ್ಕೊಂದು ಹೊಲಿಯುತ್ತಾರೆ. 2015ರ ವೆನಿಸ್ ಬಿಯೆನಾಲೆಯಲ್ಲಿ ಅಂಥ ಹೊದಿಕೆಯಿಂದ ಒಂದು ಉದ್ದನೆಯ ಓಣಿಯ ಎರಡೂ ಗೋಡೆಗಳನ್ನು ಮುಚ್ಚಿದ. 2017ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಕಲ್ಲಿನ ಎರಡು ಹಳೆಯ ಕಟ್ಟಡಗಳಿಗೇ ಹೊದಿಸಿದ. ಆ ಚೀಲಗಳ ಮೇಲೆ ಅವುಗಳ ಒಡೆಯರು ಬರೆದುಕೊಂಡ ಹೆಸರುಗಳು ಹಾಗೇ ಇವೆ. ಯಾರೂ ಅವನ್ನು ಗಾಯ ಎಂದು ಓದಲಾರರು. ಯಾರ ಸರಕು, ಯಾರ ಕೈ ಎಂಬುದು ಅಲ್ಲಿ ಮೊದಲ ಮಾತು.

ಬುರ್ರಿಯ ಚಿತ್ರಗಳ ಪಕ್ಕದ ಚೀಟಿಯಲ್ಲಿ ಗೋಣಿ, ದಾರ, ಎಣ್ಣೆಬಣ್ಣ ಎಂದು ಸಾಮಗ್ರಿ ಬರೆದಿರುತ್ತಾರೆ. ಅಲ್ಲಿ ಇನ್ನೊಂದು ಸಾಲು ಬೇಕು: ಇಂತಿಂಥ ಹೊಲಿಗೆ ಚೀಲದಲ್ಲಿ ಮೊದಲೇ ಇದ್ದದ್ದು, ಬೇರೆಯವರ ಕೈಯದು ಎಂದು. ಸಂರಕ್ಷಕರಿಗೆ ಇದನ್ನು ಬೇರ್ಪಡಿಸಿ ಹೇಳುವುದು ಕಷ್ಟವಲ್ಲ. ದಾರ ಬೇರೆ, ಬಿಗಿ ಬೇರೆ, ದೂಳು ಕೂತ ಬಗೆಯೂ ಬೇರೆ. ನನ್ನ ಕೈಲಾದದ್ದನ್ನು ನಾನು ಇಲ್ಲಿ ಶುರುಮಾಡಿದ್ದೇನೆ. ದಾವಣಗೆರೆ, ರಾಣೆಬೆನ್ನೂರು, ಹಾವೇರಿಯ ಮಂಡಿಗಳಲ್ಲಿ ಚೀಲ ಹೊಲಿದು ಈಗ ಮುಪ್ಪಾದ ಹೆಂಗಸರ ಹತ್ತಿರ ಹೋಗಿ, ಹಳೆ ಗೋಣಿಯ ಮೇಲೆ ಒಂದೊಂದು ರಿಪೇರಿ ಮಾಡಿಸಿ, ಯಾವ ತೂತಿಗೆ ಯಾವ ಹೊಲಿಗೆ, ಯಾರಿಂದ ಕಲಿತದ್ದು, ಚೀಲಕ್ಕೆ ಎಷ್ಟು ಕೂಲಿ ಸಿಗುತ್ತಿತ್ತು ಎಂದು ಅವರ ಹೆಸರಿನ ಸಮೇತ ಬರೆದಿಡುತ್ತಿದ್ದೇನೆ.